ಡಿಜೆ ಅಭ್ಯಾಸಕ್ಕೆ ಹೊತ್ತು ಹೊಂದಿಸುವುದು ಹೇಗೆ? ಪಾಳಿ, ಅಂಗಡಿ, ಸಂಸಾರದ ನಡುವೆ ದಿನಕ್ಕೆ 25 ನಿಮಿಷ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಡಿಜೆ ಕಲಿಯುವ ಆಸೆಯಿದೆ, ಹಾಡು ಕೂಡಿಸುವ ಕಂಟ್ರೋಲರ್ ಕೂಡ ತಂದಾಗಿದೆ, ಆದರೆ ಅದರ ಮುಂದೆ ಕೂರಲು ಹೊತ್ತೇ ಸಿಗುತ್ತಿಲ್ಲ, ಏನು ಮಾಡಲಿ?" ಹೀಗೆ ಕೇಳುವವರಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರಿದ್ದಾರೆ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆಗೆ ಕೂರುವವರಿದ್ದಾರೆ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಲೆಕ್ಕ ಬರೆಯುವವರಿದ್ದಾರೆ, ಶಕ್ತಿನಗರದಿಂದ ರಾಯಚೂರಿನ ಕಾಲೇಜಿಗೆ ದಿನವೂ ಓಡಾಡುವ ವಿದ್ಯಾರ್ಥಿಗಳೂ ಇದ್ದಾರೆ. ಎಲ್ಲರಿಗೂ ಒಂದೊಂದಾಗಿ ಉತ್ತರಿಸುವ ಬದಲು ಇಲ್ಲಿ ಒಟ್ಟಾಗಿ, ಹಂತ ಹಂತವಾಗಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ಹೆಚ್ಚಿನವರಿಗೆ ಕೊರತೆಯಾಗಿರುವುದು ಅಭ್ಯಾಸದ ಸಮಯವಲ್ಲ. ಅಭ್ಯಾಸಕ್ಕೆ ಮುಂಚಿನ ಸಿದ್ಧತೆಯೇ ಆ ಸಮಯವನ್ನು ತಿಂದುಹಾಕುತ್ತಿರುತ್ತದೆ. ಬಳ್ಳಾರಿಯ ಕೌಲ್ ಬಜಾರಿನ ಬಾಡಿಗೆ ಮನೆಯಲ್ಲಿದ್ದಾಗ ನಾನು ಒಂದು ರಾತ್ರಿ ಗಡಿಯಾರ ನೋಡಿಕೊಂಡು ಬರೆದಿಟ್ಟ ಲೆಕ್ಕ ಹೀಗಿತ್ತು: ಅಭ್ಯಾಸಕ್ಕೆಂದು ತೆಗೆದಿಟ್ಟ 60 ನಿಮಿಷಗಳಲ್ಲಿ ಅಲ್ಮೇರಾದಿಂದ ಸಾಮಾನು ಇಳಿಸಿ ವೈರು ಜೋಡಿಸಲು 14 ನಿಮಿಷ, ಲ್ಯಾಪ್‌ಟಾಪ್ ತಾನಾಗಿಯೇ ಅಪ್‌ಡೇಟ್ ಮುಗಿಸಲು 8 ನಿಮಿಷ, ಯಾವ ಹಾಡು ಹಾಕಲಿ ಎಂದು ಹುಡುಕಲು 22 ನಿಮಿಷ ಹೋಗಿದ್ದವು. ಕೈ ಕಂಟ್ರೋಲರ್ ಮೇಲೆ ಇದ್ದದ್ದು ಕೇವಲ 16 ನಿಮಿಷ. ಮುಂದಿನ ಹಂತಗಳೆಲ್ಲವೂ ಆ ಉಳಿದ 44 ನಿಮಿಷಗಳನ್ನು ಅಲ್ಲಿಂದ ತೆಗೆದುಹಾಕುವುದರ ಕುರಿತಾಗಿಯೇ ಇವೆ.

ಬೇಕಾಗುವ ಸಾಮಾನು

ಕಲಿಕೆಗೆ ಎರಡು ಚಾನೆಲ್‌ನ (ಎರಡು ಹಾಡು ಒಟ್ಟಿಗೆ ನುಡಿಸಬಲ್ಲ) ಚಿಕ್ಕ ಕಂಟ್ರೋಲರ್, ಒಂದು ಸಾಧಾರಣ ಲ್ಯಾಪ್‌ಟಾಪ್ ಮತ್ತು ವೈರು ಇರುವ ಹೆಡ್‌ಫೋನ್ ಸಾಕು. ಕಂಟ್ರೋಲರ್ ಎಂದರೆ ಎರಡು ತಿರುಗುವ ಚಕ್ರ, ನಡುವೆ ಎರಡೂ ಹಾಡುಗಳನ್ನು ಬೆರೆಸುವ ಮಿಕ್ಸರ್ ಇರುವ ಹಲಗೆಯಂಥ ಉಪಕರಣ. ಅದು ಲ್ಯಾಪ್‌ಟಾಪ್‌ನಲ್ಲಿರುವ ಹಾಡುಗಳನ್ನು ಕೈಯಿಂದ ನಿಯಂತ್ರಿಸಲು ನೆರವಾಗುತ್ತದೆ. ಪಯೋನಿಯರ್ ಡಿಜೆ ಬ್ರ್ಯಾಂಡಿನ ಡಿಡಿಜೆ-400 ಅಥವಾ 2022ರಲ್ಲಿ ಬಂದ ಡಿಡಿಜೆ-ಎಫ್‌ಎಲ್‌ಎಕ್ಸ್4ರಂಥ ಮಾದರಿಗಳು ಯುಎಸ್‌ಬಿ ವೈರಿನಿಂದಲೇ ವಿದ್ಯುತ್ ಪಡೆಯುತ್ತವೆ. ಆದ್ದರಿಂದ ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಇರುವತನಕ ಅಭ್ಯಾಸ ನಿಲ್ಲುವುದಿಲ್ಲ, ನಮ್ಮ ಕಡೆಗೆ ಇದು ಸಣ್ಣ ಅನುಕೂಲವೇನಲ್ಲ. ತಂತ್ರಾಂಶಕ್ಕೆ ಹಣ ಕೊಡಲಾಗದವರು ಮಿಕ್ಸ್ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು. ಅದರ ಹೆಸರಿನ ಕೊನೆಗೆ ಮೂರು ಎಕ್ಸ್ ಅಕ್ಷರಗಳಿವೆ ಎಂಬುದನ್ನು ಹುಡುಕುವಾಗ ನೆನಪಿಡಿ.

ಎಚ್ಚರಿಕೆ: ಬ್ಲೂಟೂತ್ ಹೆಡ್‌ಫೋನ್ ಇದಕ್ಕೆ ಬೇಡವೇ ಬೇಡ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಅರ್ಧ ಸೆಕೆಂಡು ಮಾತ್ರ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಕಿವಿ ಮುಟ್ಟುವುದರಿಂದ ನಿಮ್ಮ ಕೈ ಸರಿಯಾಗಿದ್ದರೂ ಕಿವಿಗೆ ತಪ್ಪಾಗಿ ಕೇಳುತ್ತದೆ, ಕಲಿಯುವವರಿಗೆ ಇದಕ್ಕಿಂತ ದೊಡ್ಡ ಗೊಂದಲ ಬೇರೊಂದಿಲ್ಲ.

ಹಂತ 1: ಗಂಟೆಯನ್ನಲ್ಲ, ಪಾಳಿಯನ್ನು ನೋಡಿ ಹೊತ್ತು ಗೊತ್ತುಮಾಡಿ

"ದಿನಾ ರಾತ್ರಿ 9ಕ್ಕೆ ಕೂರುತ್ತೇನೆ" ಎಂಬ ಸಂಕಲ್ಪ ಪಾಳಿಯಲ್ಲಿ ದುಡಿಯುವವರಿಗೆ ಒಂದು ವಾರಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಏಕೆಂದರೆ ಮುಂದಿನ ವಾರ ಅದೇ 9 ಗಂಟೆಗೆ ಅವರು ಕಾರ್ಖಾನೆಯಲ್ಲಿರುತ್ತಾರೆ. ಹಾಗಾಗಿ ಅಭ್ಯಾಸವನ್ನು ಗಡಿಯಾರದ ಮುಳ್ಳಿಗೆ ಕಟ್ಟದೆ, ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿರಿ. ಬೆಳಗಿನ ಪಾಳಿಯ ವಾರದಲ್ಲಿ ಮಧ್ಯಾಹ್ನ ಮನೆಗೆ ಬಂದು, ಊಟ ಮಾಡಿ, ಒಂದು ಗಳಿಗೆ ಮಲಗಿ ಎದ್ದ ಮೇಲಿನ ಚಹಾದ ನಂತರ ಕೂರಬಹುದು. ಮಧ್ಯಾಹ್ನದ ಪಾಳಿಯಲ್ಲಿ ಬೆಳಗಿನ ಸ್ನಾನ, ನಾಷ್ಟಾ ಮುಗಿದ ಕೂಡಲೇ ಕೂರುವುದು ಒಳ್ಳೆಯದು. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ದಯವಿಟ್ಟು ಕೂರಬೇಡಿ. ನಿದ್ದೆಗೆಟ್ಟ ಕಿವಿಗೆ ಎರಡು ಬಡಿತಗಳ ನಡುವಿನ ಸಣ್ಣ ಅಂತರ ತಿಳಿಯುವುದಿಲ್ಲ, ತಪ್ಪು ರೂಢಿಯೇ ಕೈಗೆ ಹತ್ತುತ್ತದೆ. ಮಲಗಿ ಎದ್ದು, ಸಂಜೆ ಕೆಲಸಕ್ಕೆ ಹೊರಡುವ ಮೊದಲು ಕೂರಿರಿ.

ಅಂಗಡಿ ನಡೆಸುವವರಿಗೆ ನನ್ನ ಸಲಹೆ ಬೇರೆ. ರಾತ್ರಿ ಬಾಗಿಲು ಹಾಕಿ ಮನೆಗೆ ಬರುವಷ್ಟರಲ್ಲಿ ಮೈಯೂ ಮನಸ್ಸೂ ದಣಿದಿರುತ್ತವೆ, ಮಕ್ಕಳೂ ದಾರಿ ಕಾಯುತ್ತಿರುತ್ತಾರೆ. ನೀವು ಬೆಳಗಿನ ಹೊತ್ತನ್ನೇ ಹಿಡಿಯಿರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಗಳ ಬಿಸಿಲು 40 ಡಿಗ್ರಿ ದಾಟುವಾಗ ಮಧ್ಯಾಹ್ನ ತಗಡಿನ ಮಾಳಿಗೆಯ ಕೋಣೆಯಲ್ಲಿ ಮನುಷ್ಯರಂತೆ ಲ್ಯಾಪ್‌ಟಾಪ್ ಕೂಡ ಬಳಲುತ್ತದೆ. ಕಾವು ಏರಿದ ಲ್ಯಾಪ್‌ಟಾಪ್ ನಿಧಾನವಾಗಿ ಹಾಡು ಕತ್ತರಿಸಿದಂತೆ ಕೇಳುವುದು ಇದರಿಂದಲೇ. ಅದನ್ನು ಹಾಸಿಗೆ, ದಿಂಬಿನ ಮೇಲೆ ಇಡದೆ ಗಟ್ಟಿ ಹಲಗೆಯ ಮೇಲಿಡಿ.

ಎಷ್ಟು ಹೊತ್ತು? ವಾರಕ್ಕೆ ಐದು ದಿನ, ದಿನಕ್ಕೆ 25 ನಿಮಿಷ. ರವಿವಾರ ಒಂದೇ ದಿನ ಮೂರು ತಾಸು ಕೂರುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಕೈ ಮತ್ತು ಕಿವಿಯ ಹೊಂದಾಣಿಕೆ ಆರು ದಿನದ ಬಿಡುವಿನಲ್ಲಿ ಸಡಿಲಾಗಿ, ಏಳನೆಯ ದಿನದ ಮೊದಲ ತಾಸು ಹಳೆಯದನ್ನು ನೆನಪಿಸಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ.

ಹಂತ 2: ಎರಡು ನಿಮಿಷದಲ್ಲಿ ಶುರುವಾಗುವಂತೆ ಸಾಮಾನು ಇಡಿ

ಸಾಧ್ಯವಿದ್ದರೆ ಕಂಟ್ರೋಲರ್ ಒಂದೇ ಕಡೆ, ವೈರು ಜೋಡಿಸಿದಂತೆಯೇ ಇರಲಿ. ನೀವು ಮಾಡಬೇಕಾದದ್ದು ಲ್ಯಾಪ್‌ಟಾಪ್ ತೆರೆದು ಒಂದು ಯುಎಸ್‌ಬಿ ಸಿಕ್ಕಿಸುವುದಷ್ಟೇ ಆಗಿರಬೇಕು. ಚಿಕ್ಕ ಮನೆಯಲ್ಲಿ ಹಾಗೆ ಬಿಡಲು ಜಾಗವಿಲ್ಲದಿದ್ದರೆ ಎರಡಡಿ ಅಗಲದ ಪ್ಲೈವುಡ್ ತುಂಡಿನ ಮೇಲೆ ಕಂಟ್ರೋಲರ್, ಅದರ ವೈರು, ಹೆಡ್‌ಫೋನ್ ಎಲ್ಲವನ್ನೂ ಜೋಡಿಸಿ, ಆ ತುಂಡನ್ನೇ ಮಂಚದ ಕೆಳಗೆ ಸರಿಸಿಡಿ. ಬೇಕಾದಾಗ ಇಡಿಯಾಗಿ ಎಳೆದುಕೊಂಡರೆ ಆಯಿತು.

ದೂಳಿನ ವಿಷಯದಲ್ಲಿ ನಮ್ಮ ಕಡೆಯವರು ಹೆಚ್ಚು ಜಾಗ್ರತೆ ವಹಿಸಬೇಕು. ಸಂಡೂರು, ಬಳ್ಳಾರಿ ಕಡೆಯ ಕೆಂಪು ಅದಿರಿನ ದೂಳು ಬಹಳ ಸಣ್ಣದು, ಫೇಡರಿನ ಸೀಳಿನೊಳಗೆ ಇಳಿದರೆ ಸದ್ದು ಕರಕರ ಎನ್ನತೊಡಗುತ್ತದೆ. ಫೇಡರ್ ಎಂದರೆ ಮೇಲೆ ಕೆಳಗೆ ಸರಿಸಿ ಸದ್ದನ್ನು ಏರಿಸಿ ಇಳಿಸುವ ಗುಂಡಿ. ಅಭ್ಯಾಸ ಮುಗಿದ ತಕ್ಷಣ ದಪ್ಪ ಹತ್ತಿ ಬಟ್ಟೆ ಹೊದಿಸುವುದನ್ನು ಅಭ್ಯಾಸದ ಭಾಗವೆಂದೇ ಎಣಿಸಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೆತ್ತನೆಯ ಒಣ ಕುಂಚ ಸಾಕು.

ಲ್ಯಾಪ್‌ಟಾಪ್‌ನ ಅಪ್‌ಡೇಟುಗಳನ್ನು ರವಿವಾರಕ್ಕೆ ಮೀಸಲಿಡಿ, ಅಭ್ಯಾಸದ ಹೊತ್ತಿನಲ್ಲಿ ವೈ-ಫೈ ಆರಿಸಿಡಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ.

ಹಂತ 3: ಹಾಡು ಜೋಡಿಸುವ ಕೆಲಸವನ್ನು ಅಭ್ಯಾಸದಿಂದ ಬೇರೆ ಮಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಂಟ್ರೋಲರ್ ಮುಂದೆ ಕೂತ ಮೇಲೆ ಹಾಡು ಹುಡುಕುವವರು ಅಭ್ಯಾಸ ಮಾಡುತ್ತಿಲ್ಲ, ಹಾಡು ಕೇಳುತ್ತಿದ್ದಾರೆ. ಹುಡುಕುವ ಕೆಲಸವನ್ನು ವಾರಕ್ಕೊಮ್ಮೆ, ಒಂದು ತಾಸಿನಲ್ಲಿ ಮುಗಿಸಿಬಿಡಿ. ಆ ವಾರಕ್ಕೆ 12 ಹಾಡುಗಳ ಒಂದು ಪಟ್ಟಿ ಮಾಡಿ, ಆ ವಾರವಿಡೀ ಅವನ್ನೇ ನುಡಿಸಿ. ಹನ್ನೆರಡು ಕಡಿಮೆಯಾಯಿತೆಂದು ಅನ್ನಿಸಬಹುದು. ಆದರೆ ಒಂದು ಹಾಡಿನ ಒಳಹೊರಗು ಗೊತ್ತಾಗಲು ಅದನ್ನು ಹತ್ತಾರು ಸಲ ಇನ್ನೊಂದರ ಪಕ್ಕ ಕೂರಿಸಿ ನೋಡಬೇಕು. 500 ಹಾಡುಗಳ ರಾಶಿಯಲ್ಲಿ ಅದಕ್ಕೆ ಅವಕಾಶವೇ ಬರುವುದಿಲ್ಲ.

ಪ್ರತಿ ಹಾಡಿಗೂ ಮೂರು ಕೆಲಸ ಮಾಡಿ. ಮೊದಲು ಬಿಪಿಎಂ ಪರೀಕ್ಷಿಸಿ. ಬಿಪಿಎಂ ಎಂದರೆ ಒಂದು ನಿಮಿಷದಲ್ಲಿ ಎಷ್ಟು ಬಡಿತ ಎಂಬ ಲೆಕ್ಕ. ತಂತ್ರಾಂಶ ತಾನಾಗಿ ಇದನ್ನು ಹೇಳುತ್ತದೆ, ಆದರೆ ಕೆಲವೊಮ್ಮೆ ಅರ್ಧ ಅಥವಾ ಎರಡು ಪಟ್ಟು ಹೇಳುತ್ತದೆ: 140ರ ಹಾಡನ್ನು 70 ಎಂದು ತೋರಿಸಬಹುದು. ಕಾಲಲ್ಲಿ ತಾಳ ಹಾಕಿ ನೀವೇ ಎಣಿಸಿ ನೋಡಿ. ಎರಡನೆಯದಾಗಿ ಬೀಟ್ ಗ್ರಿಡ್ ನೋಡಿ, ಅಂದರೆ ಹಾಡಿನ ಅಲೆಯ ಚಿತ್ರದ ಮೇಲೆ ತಂತ್ರಾಂಶ ಎಳೆಯುವ ಬಡಿತದ ಗೆರೆಗಳು. ಕಂಪ್ಯೂಟರಿನಲ್ಲಿ ಕಟ್ಟಿದ ಹಾಡುಗಳಲ್ಲಿ ಲಯ ಕೊನೆಯತನಕ ಒಂದೇ ಸಮ ಇರುವುದರಿಂದ ಗೆರೆಗಳು ಬಡಿತದ ಮೇಲೆಯೇ ಬೀಳುತ್ತವೆ. ಆದರೆ ಹಲಗೆ, ಡೊಳ್ಳು, ಕರಡಿ ಮಜಲು ನೇರವಾಗಿ ನುಡಿಸಿ ಮುದ್ರಿಸಿದ ಹಾಡುಗಳಲ್ಲಿ ಕಲಾವಿದರು ಹುರುಪು ಬಂದಂತೆ ಲಯವನ್ನು ಏರಿಸುತ್ತಾರೆ. ಅದು ಆ ಸಂಗೀತದ ಜೀವ, ದೋಷವಲ್ಲ. ಮೊದಲ ನಿಮಿಷದಲ್ಲಿ ಸರಿಯಾಗಿದ್ದ ಗೆರೆ ಮೂರನೆಯ ನಿಮಿಷಕ್ಕೆ ಬಡಿತದಿಂದ ಜಾರಿರುತ್ತದೆ. ಇಂಥ ಹಾಡಿಗೆ ಪಟ್ಟಿಯಲ್ಲಿ ಒಂದು ನಕ್ಷತ್ರದ ಗುರುತು ಹಾಕಿ, ಇದನ್ನು ಕಿವಿಯಿಂದಲೇ ಹೊಂದಿಸಬೇಕೆಂದು ಗೊತ್ತಾಗಲಿ.

ಮೂರನೆಯದು ಕ್ಯೂ ಪಾಯಿಂಟ್. ಹಾಡಿನೊಳಗೆ ಬೇಕಾದ ಜಾಗಕ್ಕೆ ನೇರವಾಗಿ ಜಿಗಿಯಲು ಮೊದಲೇ ನೆಡುವ ಗುರುತಿಗೆ ಹಾಗೆನ್ನುತ್ತಾರೆ. ಪ್ರತಿ ಹಾಡಿಗೂ ನಾಲ್ಕು ಗುರುತು ಸಾಕು: ಮೊದಲ ಗಟ್ಟಿ ಬಡಿತ, ಪಲ್ಲವಿ ಎತ್ತಿಕೊಳ್ಳುವ ಜಾಗ, ಹಾಡುವ ದನಿ ನಿಂತು ಬರೀ ವಾದ್ಯ ನುಡಿಯುವ ಜಾಗ, ಮತ್ತು ನೀವು ಮುಂದಿನ ಹಾಡನ್ನು ತರಬೇಕಾದ ಜಾಗ. ಎಲ್ಲ ಹಾಡಿಗೂ ಇದೇ ಕ್ರಮ, ಇದೇ ಬಣ್ಣ ಇರಲಿ.

ಎಚ್ಚರಿಕೆ: ಮೊಬೈಲಿನಿಂದ ಮೊಬೈಲಿಗೆ ಕಳಿಸುತ್ತ ಬಂದ ಹಾಡುಗಳಲ್ಲಿ ಸದ್ದಿನ ಗುಣಮಟ್ಟ ಕುಗ್ಗಿರುತ್ತದೆ, ಒಂದರ ಸದ್ದು ಜೋರು, ಇನ್ನೊಂದರದು ಮೆತ್ತಗೆ. ಹೆಡ್‌ಫೋನಿನಲ್ಲಿ ಗೊತ್ತಾಗದ ಈ ಕೊರತೆ ದೊಡ್ಡ ಬಾಕ್ಸಿನಲ್ಲಿ ಎದ್ದು ಕಾಣುತ್ತದೆ.

ಹಂತ 4: ಒಂದು ದಿನಕ್ಕೆ ಒಂದೇ ಪಾಠ

25 ನಿಮಿಷದಲ್ಲಿ ಎಲ್ಲವನ್ನೂ ಮಾಡಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ. ಮೊದಲ 3 ನಿಮಿಷ ಗೊತ್ತಿರುವ ಎರಡು ಹಾಡುಗಳನ್ನು ಆರಾಮಾಗಿ ನುಡಿಸಿ ಕೈ ಬಿಸಿ ಮಾಡಿಕೊಳ್ಳಿ, ನಡುವಿನ 15 ನಿಮಿಷ ಆ ದಿನದ ಪಾಠ, ನಂತರದ 5 ನಿಮಿಷ ರೆಕಾರ್ಡಿಂಗ್, ಕೊನೆಯ 2 ನಿಮಿಷ ನೋಟ್‌ಬುಕ್ಕಿನಲ್ಲಿ ಒಂದು ಸಾಲು.

ಸೋಮವಾರ, ಮಂಗಳವಾರ ಬೀಟ್ ಮ್ಯಾಚಿಂಗ್ ಇರಲಿ, ಅಂದರೆ ಎರಡು ಹಾಡುಗಳ ಬಡಿತ ಒಂದರ ಮೇಲೊಂದು ಬೀಳುವಂತೆ ವೇಗ ಹೊಂದಿಸುವುದು. ಕಲಿಯುವ ಸುಲಭ ದಾರಿ ಹೀಗಿದೆ. ಎರಡೂ ಡೆಕ್ಕಿಗೆ, ಅಂದರೆ ಎಡ ಬಲದ ಎರಡೂ ಚಕ್ರಗಳಿಗೆ, ಒಂದೇ ಹಾಡು ಹಾಕಿ. ಪರದೆಯ ಮೇಲೆ ಬಿಪಿಎಂ ತೋರಿಸುವ ಜಾಗಕ್ಕೆ ಒಂದು ಚೀಟಿ ಅಂಟಿಸಿ ಮುಚ್ಚಿ. ಯಾರಾದರೂ ಪಕ್ಕದಲ್ಲಿದ್ದರೆ ಬಲಗಡೆಯ ಪಿಚ್ ಫೇಡರನ್ನು ಸ್ವಲ್ಪ ಸರಿಸಲು ಹೇಳಿ; ಪಿಚ್ ಫೇಡರ್ ಎಂದರೆ ಹಾಡಿನ ವೇಗವನ್ನು ಶೇಕಡಾವಾರು ಹೆಚ್ಚು ಕಡಿಮೆ ಮಾಡುವ ಉದ್ದ ಗುಂಡಿ. ಎರಡನ್ನೂ ಒಟ್ಟಿಗೆ ಬಿಟ್ಟು ಕೇಳಿ. ಮೊದಲು ಒಂದೇ "ಧಮ್" ಕೇಳಿಸುತ್ತದೆ, ಸ್ವಲ್ಪ ಹೊತ್ತಿಗೆ ಅದು "ಧಧಮ್" ಎಂದು ಒಡೆಯುತ್ತದೆ, ಇನ್ನೂ ಬಿಟ್ಟರೆ ಕುದುರೆ ಓಡಿದಂತೆ ಎರಡೆರಡು ಬಡಿತವಾಗುತ್ತದೆ. ಎರಡು ಹಾಡುಗಳ ನಡುವೆ ಬರೀ 1 ಬಿಪಿಎಂ ವ್ಯತ್ಯಾಸವಿದ್ದರೂ ಒಂದು ನಿಮಿಷದಲ್ಲಿ ಪೂರ್ತಿ ಒಂದು ಬಡಿತ ಜಾರುತ್ತದೆ, 30 ಸೆಕೆಂಡಿಗೆ ಒಂದರ ಬಡಿತ ಇನ್ನೊಂದರ ನಡುಮಧ್ಯೆ ಬೀಳುತ್ತದೆ. "ಧಮ್" ಒಡೆಯುವ ಆ ಮೊದಲ ಕ್ಷಣವನ್ನು ಹಿಡಿಯುವುದೇ ಪಾಠ. ಚಕ್ರವನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡಿ. ಬಡಿತಗಳು ಕೂಡಿದರೆ ಆ ಹಾಡು ಹಿಂದೆ ಬಿದ್ದಿತ್ತು ಎಂದರ್ಥ, ಇನ್ನಷ್ಟು ಬೇರೆಯಾದರೆ ಮುಂದೆ ಓಡುತ್ತಿತ್ತು ಎಂದರ್ಥ. ಆ ಮೇಲೆ ಪಿಚ್ ಫೇಡರನ್ನು ಕೂದಲೆಳೆಯಷ್ಟು ಸರಿಪಡಿಸಿ. ಹದಿನೈದು ದಿನ ಇದನ್ನೇ ಮಾಡಿದರೆ ನಿಮ್ಮ ಕಿವಿಯಲ್ಲಾಗುವ ಬದಲಾವಣೆಯನ್ನು ನೀವೇ ಗುರುತಿಸುವಿರಿ.

ಸಿಂಕ್ ಗುಂಡಿ ಒತ್ತಿದರೆ ತಂತ್ರಾಂಶವೇ ವೇಗ ಹೊಂದಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಹೊಂದಿಸುತ್ತದೆ, ಅದನ್ನು ಬಳಸುವುದು ತಪ್ಪೂ ಅಲ್ಲ. ಆದರೆ ಸಿಂಕ್ ನಂಬಿರುವುದು ಆ ಗ್ರಿಡ್ಡಿನ ಗೆರೆಗಳನ್ನು. ಗೆರೆ ಜಾರಿದ ಡೊಳ್ಳಿನ ಹಾಡಿನಲ್ಲಿ ಅದು ಕೈಕೊಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ಜನ ಕೇಳಿ ಹಾಕಿಸಿಕೊಳ್ಳುವುದು ಇಂಥ ಹಾಡುಗಳನ್ನೇ ಆದ್ದರಿಂದ, ಕಿವಿಯಿಂದ ಹೊಂದಿಸುವ ವಿದ್ಯೆ ನಮಗೆ ಅಲಂಕಾರವಲ್ಲ, ಅಗತ್ಯ.

ಬುಧವಾರ ಫ್ರೇಸಿಂಗ್, ಅಂದರೆ ಹಾಡಿನ ಸಾಲು ಮುಗಿಯುವ ಜಾಗದಲ್ಲಿಯೇ ಮುಂದಿನ ಹಾಡಿನ ಸಾಲು ಶುರುವಾಗುವಂತೆ ಮಾಡುವುದು. ಕುಣಿತಕ್ಕೆಂದೇ ಕಟ್ಟಿದ ಸಂಗೀತ ಸಾಮಾನ್ಯವಾಗಿ ನಾಲ್ಕು ಬಡಿತದ ಎಂಟು ಆವರ್ತಗಳ, ಅಂದರೆ 32 ಬಡಿತಗಳ ಕಟ್ಟಿನಲ್ಲಿ ಸಾಗುತ್ತದೆ. 128 ಬಿಪಿಎಂ ಹಾಡಿನಲ್ಲಿ ಈ ಕಟ್ಟು ಸರಿಯಾಗಿ 15 ಸೆಕೆಂಡು. ಸಿನಿಮಾ ಹಾಡುಗಳಲ್ಲಿ ಪಲ್ಲವಿ, ಚರಣಗಳ ಉದ್ದ ಬೇರೆ ಬೇರೆ ಇರುತ್ತದೆ, ಅನೇಕ ಜಾನಪದ ಹಾಡುಗಳು ಮೂರು ಮೂರರ ಗುಂಪಿನಲ್ಲಿ ಆರರ ಎಣಿಕೆಗೆ ನಡೆಯುತ್ತವೆ. ಆರರ ಎಣಿಕೆಯ ಹಾಡನ್ನು ನಾಲ್ಕರ ಎಣಿಕೆಯ ಹಾಡಿನ ಮೇಲೆ ಉದ್ದಕ್ಕೆ ಕೂಡಿಸಲು ಹೋಗಬೇಡಿ, ವೇಗ ಹೊಂದಿದರೂ ನಡಿಗೆ ಹೊಂದುವುದಿಲ್ಲ. ಒಂದರ ಸಾಲು ಮುಗಿಯುತ್ತಿದ್ದಂತೆ ಇನ್ನೊಂದನ್ನು ಥಟ್ಟನೆ ಎತ್ತಿಕೊಳ್ಳುವುದೇ ಅಲ್ಲಿ ಚೆಂದ.

ಗುರುವಾರ ಈಕ್ಯೂ. ಮಂದ್ರ, ಮಧ್ಯ, ತಾರ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಮೂರು ಗುಂಡಿಗಳಿವು. ಹೊಸ ಹಾಡು ತರುವಾಗ ಅದರ ಬೇಸ್, ಅಂದರೆ ಮಂದ್ರದ ಸದ್ದು, ಇಳಿಸಿಟ್ಟು, ಸಾಲು ಬದಲಾಗುವ ಹೊತ್ತಿಗೆ ಹಳೆಯ ಹಾಡಿನ ಬೇಸ್ ಇಳಿಸುತ್ತಲೇ ಹೊಸದರ ಬೇಸ್ ಏರಿಸಿ. ಎರಡು ಬೇಸ್ ಒಟ್ಟಿಗೆ ಕೂಡಿದರೆ ಸದ್ದು ಕಲಸಿದಂತಾಗಿ ಹಾಡಿನ ಮಾತೇ ಕೇಳಿಸುವುದಿಲ್ಲ. ಮೀಟರಿನಲ್ಲಿ ಕೆಂಪು ದೀಪ ಹತ್ತದಂತೆ ಗೇನ್ ಇಡುವುದನ್ನೂ, ಅಂದರೆ ಹಾಡು ಮಿಕ್ಸರಿನೊಳಗೆ ಬರುವ ಮಟ್ಟವನ್ನು ಹದವಾಗಿ ಇಡುವುದನ್ನೂ ಇದೇ ದಿನ ರೂಢಿಸಿಕೊಳ್ಳಿ.

ಐದನೆಯ ದಿನ ಯಾವ ಪಾಠವೂ ಬೇಡ, ಮನಸ್ಸಿಗೆ ಬಂದಂತೆ ನುಡಿಸಿ. ಈ ದಿನವನ್ನು ಬಿಡಬೇಡಿ. ಸಂತೋಷಕ್ಕೆಂದು ಶುರು ಮಾಡಿದ ವಿದ್ಯೆಯಲ್ಲಿ ಸಂತೋಷವೇ ಇಲ್ಲದಾದರೆ ಮುಂದಿನ ಸೋಮವಾರ ಕೂರಲು ಮನಸ್ಸಾಗುವುದಿಲ್ಲ.

ಹಂತ 5: ಕಂಟ್ರೋಲರ್ ಇಲ್ಲದ ಹೊತ್ತನ್ನೂ ಬಳಸಿ

ಬಳ್ಳಾರಿಯಿಂದ ತೋರಣಗಲ್ಲಿಗೆ, ಕೊಪ್ಪಳದಿಂದ ಗಂಗಾವತಿಗೆ ಬಸ್ಸಿನಲ್ಲಿ ಓಡಾಡುವವರಿಗೆ ದಿನಕ್ಕೆ ಒಂದು ತಾಸಿನಷ್ಟಾದರೂ ಕಿವಿ ಬಿಡುವಾಗಿರುತ್ತದೆ. ಆ ವಾರದ 12 ಹಾಡುಗಳನ್ನು ಮೊಬೈಲಿಗೆ ಹಾಕಿಕೊಂಡು, ಬೆರಳ ಗೆಣ್ಣುಗಳ ಮೇಲೆ ಬಡಿತ ಎಣಿಸುತ್ತ ಕೇಳಿ. ಪಲ್ಲವಿ ಎಷ್ಟನೆಯ ಆವರ್ತಕ್ಕೆ ಬಂತು, ವಾದ್ಯದ ಭಾಗ ಎಷ್ಟು ಉದ್ದ ಎಂಬುದು ಹೀಗೆ ಬಾಯಿಪಾಠವಾದರೆ ಮನೆಯ 25 ನಿಮಿಷ ಪೂರ್ತಿ ಕೈಯ ಕೆಲಸಕ್ಕೆ ಸಿಗುತ್ತದೆ. ಬೈಕ್ ಓಡಿಸುವಾಗ, ಯಂತ್ರದ ಮುಂದೆ ನಿಂತಿರುವಾಗ ಕಿವಿಗೆ ಏನನ್ನೂ ಹಾಕಿಕೊಳ್ಳಬೇಡಿ; ಹಿಂದಿನಿಂದ ಬರುವ ಅದಿರಿನ ಲಾರಿಯ ಹಾರ್ನ್ ನಿಮಗೆ ಕೇಳಿಸಲೇಬೇಕು.

ಡಿಜೆ ವೀಡಿಯೊ ನೋಡುವುದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ. ನೋಡಿದ್ದರಲ್ಲಿ ಒಂದನ್ನು ಆರಿಸಿ ಮರುದಿನದ ಪಾಠವಾಗಿ ಬರೆದಿಟ್ಟುಕೊಂಡರೆ ಮಾತ್ರ ಅದರಿಂದ ಉಪಯೋಗ.

ಹಂತ 6: ಮನೆಯವರು, ನೆರೆಹೊರೆ, ನಿಮ್ಮ ಕಿವಿ

ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. "ಅವ್ವಾ, ಚಹಾ ಆದ ಮೇಲೆ ಅರ್ಧ ತಾಸು ನನ್ನ ಕರೀಬ್ಯಾಡ್ರಿ, ಆಮೇಲೆ ಸಂತಿಗಿ ನಾನ ಹೋಗಿ ಬರ್ತೀನಿ" ಎಂದು ನೇರವಾಗಿ ಹೇಳಿ, ಹೇಳಿದಂತೆ ಅರ್ಧ ತಾಸಿಗೆ ಏಳಿರಿ. ಹೇಳಿದ ಹೊತ್ತಿಗೆ ಏಳುವವರಿಗೆ ಮನೆಯವರು ಆ ಹೊತ್ತನ್ನು ತಾವಾಗಿ ಕಾದುಕೊಡುತ್ತಾರೆ. ಮಕ್ಕಳ ಪರೀಕ್ಷೆಯ ತಿಂಗಳಲ್ಲಿ ಸ್ಪೀಕರ್ ಪೂರ್ತಿ ಬಂದ್ ಮಾಡಿ, ಹೆಡ್‌ಫೋನಿನಲ್ಲೇ ನಡೆಸಿ.

ಕಾನೂನನ್ನೂ ತಿಳಿದಿರಬೇಕು. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಮನೆಯ ಅಭ್ಯಾಸಕ್ಕೆ ದೊಡ್ಡ ಬಾಕ್ಸ್ ಎಂದೂ ಬೇಕಾಗಿಲ್ಲ.

ಹೆಡ್‌ಫೋನಿನಲ್ಲಿ ಇನ್ನೊಂದು ಅಪಾಯವಿದೆ. ಕಿವಿಯ ರಕ್ಷಣೆಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ತಾಸು ಮಿತಿ, ಮುಂದೆ ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ: 88ಕ್ಕೆ 4 ತಾಸು, 91ಕ್ಕೆ 2 ತಾಸು, 100ಕ್ಕೆ ಬರೀ 15 ನಿಮಿಷ. ಕಾರ್ಖಾನೆಯ, ಗಿರಣಿಯ ಸದ್ದಿನಲ್ಲಿ ಇಡೀ ದಿನ ಇದ್ದು ಬಂದವರ ಕಿವಿ ಆಗಲೇ ತನ್ನ ಪಾಲಿನದನ್ನು ಅನುಭವಿಸಿರುತ್ತದೆ. ಪಕ್ಕದಲ್ಲಿ ಕೂತವರು ಸಾಧಾರಣ ದನಿಯಲ್ಲಿ ಕರೆದರೆ ಕೇಳಿಸುವಷ್ಟು ಮಾತ್ರ ಸದ್ದು ಇಡಿ. ಅಭ್ಯಾಸದ ನಂತರ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆ. ಮರುದಿನ ರಜೆ ಕೊಡಿ, ಮತ್ತೆ ಮತ್ತೆ ಆದರೆ ಕಿವಿಯ ವೈದ್ಯರನ್ನು ಕಾಣಿರಿ.

ಹಂತ 7: ಜಾತ್ರೆ, ಮದುವೆ, ಹಬ್ಬದ ದಿನಗಳು

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಬಂದಾಗ ಕೊಪ್ಪಳದ ಮನೆಗಳಲ್ಲಿ ಬೀಗರು ಬಿಜ್ಜರು ತುಂಬಿರುತ್ತಾರೆ, ಬೇಸಿಗೆಯಲ್ಲಿ ಮದುವೆಗಳ ಸಾಲು, ಆಮೇಲೆ ಗಣೇಶನ ಹಬ್ಬ. ಈ ದಿನಗಳಲ್ಲಿ 25 ನಿಮಿಷ ಸಿಗುವುದಿಲ್ಲ, ಸಿಗಬೇಕೆಂದು ಹಟವನ್ನೂ ಮಾಡಬೇಡಿ. ಎರಡು ಹಾಡು, ಒಂದೇ ಕೂಡಿಕೆ, 7 ನಿಮಿಷ, ಅಷ್ಟಕ್ಕೇ ನಿಲ್ಲಿಸಿ. ಅದೂ ಆಗದ ದಿನವನ್ನು ಬಿಟ್ಟುಬಿಡಿ. ತಪ್ಪಿದ ದಿನಗಳ ಸಾಲವನ್ನು ರವಿವಾರ ಒಟ್ಟಿಗೆ ತೀರಿಸಲು ಹೋಗುವುದೇ ಅನೇಕರ ಅಭ್ಯಾಸ ನಿಂತುಹೋಗಲು ಕಾರಣ: ಸಾಲ ಬೆಳೆಯುತ್ತದೆ, ಬೇಸರ ಬರುತ್ತದೆ, ಕಂಟ್ರೋಲರ್ ಮತ್ತೆ ಅಲ್ಮೇರಾ ಸೇರುತ್ತದೆ. ಹೊಸ ಮಾದರಿ ಕೊಂಡರೆ ಹುಮ್ಮಸ್ಸು ಮರಳುತ್ತದೆ ಎಂಬ ಯೋಚನೆ ಬರುವುದೂ ಇಂಥ ಹೊತ್ತಿನಲ್ಲೇ. ಈಗಿರುವುದರ ಮೇಲೆ ಮೂರು ತಿಂಗಳು ಕೂರುವ ತನಕ ಆ ಹಣ ಹಾಗೆಯೇ ಇರಲಿ.

ಹಂತ 8: ರೆಕಾರ್ಡ್ ಮಾಡಿ, ಮರುದಿನ ಕೇಳಿ

ರೆಕಾರ್ಡಿಂಗಿಗೆಂದು ಇಟ್ಟ ಆ 5 ನಿಮಿಷವನ್ನು ತಂತ್ರಾಂಶದಲ್ಲೇ ರೆಕಾರ್ಡ್ ಮಾಡಿ ಮೊಬೈಲಿಗೆ ಹಾಕಿಕೊಳ್ಳಿ. ಆದರೆ ಅಂದೇ ಕೇಳಬೇಡಿ. ನುಡಿಸುವಾಗ ಕೈ ಏನು ಮಾಡುತ್ತಿದೆ ಎಂಬುದರ ಮೇಲೆಯೇ ಗಮನವಿರುವುದರಿಂದ ತಪ್ಪು ಆಗ ಕೇಳಿಸುವುದಿಲ್ಲ, ಮರುದಿನ ಬಸ್ಸಿನ ಕಿಟಕಿಯ ಪಕ್ಕ ಕೂತಾಗ ತಾನಾಗಿ ಕೇಳಿಸುತ್ತದೆ. ಬಡಿತ ಒಡೆದ ಜಾಗದ ನಿಮಿಷ, ಸೆಕೆಂಡು ಬರೆದುಕೊಳ್ಳಿ: "2:40, ಬೇಸ್ ಎರಡೂ ಕೂಡಿತು", "3:15, ಸಾಲು ಮುಗಿಯುವ ಮೊದಲೇ ಎತ್ತಿಕೊಂಡೆ". ಆ ಸಂಜೆ ಕಂಟ್ರೋಲರಿನ ಮೇಲಿನ ಬಟ್ಟೆ ಸರಿಸಿದಾಗ ಇವತ್ತೇನು ಮಾಡಲಿ ಎಂದು ಯೋಚಿಸಬೇಕಾಗಿಲ್ಲ, ಆ 2:40ರ ಜಾಗದಿಂದಲೇ ಹಿಡಿಯಿರಿ.